ಕಲಿಯುವ ಕೈಗೆ ಯಾರ ಕೆನ್ನೆ?

ಉಳುಮೆ ಕಲಿಯಲು ಹೊಲ ಬೇಕು. ಸಾಲು ಸೊಟ್ಟಗಾದರೆ ಹೊಲ ಅಳುವುದಿಲ್ಲ, ಮುಂದಿನ ಮಳೆಗೆ ಸರಿಮಾಡಿಕೊಳ್ಳಬಹುದು. ಈಜು ಕಲಿಯಲು ಬಾವಿ ಬೇಕು, ನೀರು ಕುಡಿಯುವವನು ಕಲಿಯುವವನೇ. ಆದರೆ ಕ್ಷೌರದ ಕತ್ತಿ ಹಿಡಿಯಲು ಕಲಿಯುವವನಿಗೆ ಇನ್ನೊಬ್ಬ ಮನುಷ್ಯನ ಕೆನ್ನೆ ಬೇಕು. ಅದು ಯಾರ ಕೆನ್ನೆ? ಈ ಪ್ರಶ್ನೆ ಬಹಳ ವರ್ಷದಿಂದ ನನ್ನ ತಲೆಯೊಳಗೆ ಐತೆ. ಓದುಮನೆ ಹುಡುಗರು ಬಂದು, ಹಾಡು ಬೇಡ, ಈ ಸಲ ಯೋಚನೆ ಬರೆದುಕೊಡಿ ಅಂದದ್ದಕ್ಕೆ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ಕನ್ನಡ, ಸುಧಾರಿಸಿಕೊಳ್ಳಿ.

ನಾನು ಹೇಳುವುದು ಬ್ಲೇಡು ಸಿಕ್ಕಿಸುವ ಷೇವಿಂಗ್ ಸೆಟ್ಟಲ್ಲ. ಆ ಸೆಟ್ಟಿಗೆ ಅಮೆರಿಕದ ಜಿಲೆಟ್ ಅನ್ನುವವನು 1904ರಲ್ಲಿ ಪೇಟೆಂಟ್ ಪಡೆದ. ಅದರಲ್ಲಿ ಬ್ಲೇಡು ಎಷ್ಟು ಓರೆಯಾಗಿ ಚರ್ಮಕ್ಕೆ ತಾಗಬೇಕು ಅನ್ನುವುದನ್ನು ಮಾಡಿದವನೇ ಮುಕ್ಕಾಲು ಪಾಲು ತೀರ್ಮಾನ ಮಾಡಿರುತ್ತಾನೆ. ಹಿಡಿಯೊಳಗೆ ಮಡಚಿಕೊಳ್ಳುವ ಹಳೆಯ ಕತ್ತಿ ಹಾಗಲ್ಲ. ಅಲ್ಲಿ ಓರೆ ಹಿಡಿದವನ ಕೈಯಲ್ಲಿರಬೇಕು.

ಸಾಣೆ ಕಲ್ಲಿನ ಮೇಲೆ ಕತ್ತಿಯ ಬೆನ್ನು, ಬಾಯಿ ಎರಡೂ ತಾಗುವಂತೆ ಮಲಗಿಸಿ, ಬಾಯಿ ಮುಂದಾಗಿ ಉಜ್ಜುತ್ತಾರೆ. ಅಲ್ಲಿ ಓರೆಯ ಚಿಂತೆಯಿಲ್ಲ, ಬೆನ್ನಿನ ದಪ್ಪವೇ ಅದನ್ನು ನೋಡಿಕೊಳ್ಳುತ್ತದೆ. ತೊಗಲು ಪಟ್ಟಿಯ ಮೇಲೆ ತಿರುವುಮುರುವು, ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸಬೇಕು, ಇಲ್ಲದಿದ್ದರೆ ತೊಗಲೂ ಹೋಯಿತು, ಬಾಯೂ ಹೋಯಿತು. ಕಷ್ಟ ಶುರುವಾಗುವುದು ಕೆನ್ನೆಗೆ ಬಂದಾಗ. ಅಲ್ಲಿ ಬೆನ್ನನ್ನು ಎತ್ತಬೇಕು. ಎಷ್ಟು? ಓದಿದವರು ಸುಮಾರು 30 ಡಿಗ್ರಿ ಅನ್ನುತ್ತಾರೆ, ಅಂದರೆ ನೆಟ್ಟಗೆ ನಿಲ್ಲಿಸಿದ್ದರಲ್ಲಿ ಮೂರನೇ ಒಂದು ಪಾಲು. ನನಗೆ ಕಲಿಸಿದ ಸೋದರಮಾವನಿಗೆ ಡಿಗ್ರಿ ಗೊತ್ತಿರಲಿಲ್ಲ. “ಬೆನ್ನಿಗೂ ಕೆನ್ನೆಗೂ ನಡುವೆ ಇನ್ನೊಂದು ಬೆನ್ನು ಹಿಡಿಸೋವಷ್ಟು ಸಂದು ಇರಲಿ ಕಣ್ಲಾ” ಅನ್ನುತ್ತಿದ್ದ. ಲೆಕ್ಕ ಹೆಚ್ಚುಕಡಿಮೆ ಒಂದೇ. ತೀರಾ ಮಲಗಿಸಿದರೆ ಕತ್ತಿ ಕೂದಲನ್ನು ಕೀಳುತ್ತದೆ, ತೀರಾ ಎತ್ತಿದರೆ ಚರ್ಮವನ್ನು ಕಚ್ಚುತ್ತದೆ. ಒತ್ತಬಾರದು, ಕತ್ತಿಯ ಭಾರವೇ ಸಾಕು. ಬಾಯಿ ಯಾವ ಕಡೆ ನೋಡುತ್ತದೋ ಆ ಕಡೆಗೇ ಹೋಗಬೇಕು, ಅಡ್ಡಕ್ಕೆ ಒಂದೆಳೆ ಜಾರಿದರೂ ರಕ್ತ. ಮೊದಲು ಬಿಸಿನೀರು, ನೊರೆ. ಆಮೇಲೆ ಕೂದಲು ಮಲಗಿದ ದಿಕ್ಕಿಗೆ ಚಿಕ್ಕ ಚಿಕ್ಕ ಎಳೆತ. ಎಡಗೈ ಚರ್ಮವನ್ನು ಎಳೆದು ಹಿಡಿದಿರಬೇಕು. ನೋಡುವವರೆಲ್ಲ ಕತ್ತಿ ಹಿಡಿದ ಕೈಯನ್ನು ನೋಡುತ್ತಾರೆ, ಅರ್ಧ ಕೆಲಸ ಮಾಡುವುದು ಆ ಎಡಗೈ.

ನನಗೆ ಓರೆ ಸಿಕ್ಕಿದ್ದು ಕಿವಿಯಿಂದ. ಸರಿಯಾದ ಓರೆಯಲ್ಲಿ ಕತ್ತಿ ಒಣ ರಾಗಿ ಹುಲ್ಲಿನ ಮೇಲೆ ಬೆರಳಾಡಿಸಿದ ಹಾಗೆ ಸಣ್ಣಗೆ ಸದ್ದು ಮಾಡುತ್ತದೆ. ಸದ್ದು ಸತ್ತರೆ ಬೆನ್ನು ಇಳಿದಿದೆ, ಕೆರೆದ ಸದ್ದು ಬಂದರೆ ಬೆನ್ನು ಏರಿದೆ ಅಂತ ಲೆಕ್ಕ. ತಂಬೂರಿ ತಂತಿ ಬಿಗಿಮಾಡಿದವನಿಗೆ ಇದು ಬೇಗ ತಿಳಿಯುತ್ತದೆ. ಆದರೆ ಇಷ್ಟನ್ನೂ ಕಾಗದದಲ್ಲಿ ಓದಿಕೊಂಡು ಯಾರೂ ಕಲಿಯಲಾರರು. ಮಡಕೆಗೆ ನೊರೆ ಹಚ್ಚಿ ಎಳೆಯಬಹುದು, ಈಗ ಬಲೂನಿಗೆ ಹಚ್ಚುತ್ತಾರೆ. ಮಡಕೆಗೆ ಗಂಟಲಿಲ್ಲ, ಬಲೂನು ಉಗುಳು ನುಂಗುವುದಿಲ್ಲ. ಒಂದು ದಿನ ಜೀವ ಇರುವ ಕೆನ್ನೆಗೇ ಬರಬೇಕು.

ಊರಿನ ಕ್ಷೌರಿಕನ ಮಗ ಅರಳಿಕಟ್ಟೆ ಹತ್ತಿರ ಕಲಿಯುತ್ತಿದ್ದದ್ದನ್ನು ದಾರಿಯಲ್ಲಿ ನಿಂತು ನೋಡಿದ್ದೇನೆ. ಗೌಡರ ಮುಖ ಅಪ್ಪನ ಪಾಲು. ಮಗನ ಪಾಲಿಗೆ ಬರುತ್ತಿದ್ದವರು ಕಡಲೆಕಾಯಿ ಕೀಳಲು ಬಂದ ಕೂಲಿಯವರು, ಮನೆಯಲ್ಲಿ ಯಾರೂ ಇಲ್ಲದ ಮುದುಕರು. ಕೊಯ್ದರೆ ಪಟಿಕ ಒತ್ತಿ ಕಳಿಸುತ್ತಿದ್ದ. ಕೇಳುವವರಿರಲಿಲ್ಲ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನ ಅಪ್ಪನೂ ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಮೊರದಷ್ಟು ರಾಗಿಗೆ ಕಾಯುತ್ತಿದ್ದವನೇ. ಗಂಟಲನ್ನು ಅವನ ಕೈಗೆ ಕೊಡುತ್ತಿದ್ದವರು ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ನಮ್ಮ ಕೇರಿಯವರ ಕೆನ್ನೆ ಕಲಿಯಲಿಕ್ಕೂ ಬೇಕಾಗಿರಲಿಲ್ಲ. ನಮಗೆ ಕತ್ತಿ ಮುಟ್ಟಿಸಿದರೆ ಊರಿನವರು ಅವನಿಗೆ ತಲೆ ಕೊಡುವುದಿಲ್ಲ. 1955ರಲ್ಲೇ ಕಾಯ್ದೆ ಬಂದಿತ್ತು. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಬೇರೆ ಜಿಲ್ಲೆಯಾಯಿತು, ಅರಳಿಕಟ್ಟೆ ಮಾತ್ರ ಹಾಗೇ ಇತ್ತು. ಅದಕ್ಕೇ ನನ್ನ ಮಾವ ಸಂತೆಯಲ್ಲಿ ಹಳೆಯ ಕತ್ತಿಯೊಂದನ್ನು ಕೊಂಡು ತಂದ. ಕೇರಿಯಲ್ಲಿ ಯಾರಿಗೂ ವಿದ್ಯೆ ಗೊತ್ತಿಲ್ಲ, ಕತ್ತಿ ಒಂದೇ. ಆಗ ಅವರು ಮಾಡಿಕೊಂಡ ಏರ್ಪಾಡು ಇದು: ಇವತ್ತು ನಾನು ನಿನಗೆ ಮಾಡಿದರೆ ಮುಂದಿನ ಅಮಾವಾಸ್ಯೆಗೆ ನೀನು ನನಗೆ ಮಾಡಬೇಕು. ಮಾಡಿದವನು ಮಾಡಿಸಿಕೊಳ್ಳಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಕಲಿಯುವವನು ಮೊದಲು ತನ್ನ ಮೊಣಕಾಲಿನ ಕೆಳಗೆ ಎಳೆದು ತೋರಿಸಬೇಕು. ಮೊದಲ ಕೆನ್ನೆ ಕಲಿಸಿದವನದು. ನಾನು ಮೊದಲು ಕತ್ತಿಯಿಟ್ಟದ್ದು ಮಾವನ ಕೆನ್ನೆಗೇ. ಅವನು ಕಣ್ಣು ಮುಚ್ಚಲಿಲ್ಲ, ಒಂದು ಮಾತೂ ಆಡಲಿಲ್ಲ. ಕೈ ನಡುಗಿದಾಗ ಅವನೇ ಬಾಯೊಳಗಿನಿಂದ ನಾಲಗೆ ಒತ್ತಿ ಕೆನ್ನೆ ಉಬ್ಬಿಸಿ ಕೊಟ್ಟ.

ನನಗೆ ಹತ್ತು ಕಡೆ ಈ ಅರಳಿಕಟ್ಟೆಯೇ ಕಾಣುತ್ತದೆ. ತಮಿಳುನಾಡಿನಲ್ಲಿ ಕ್ಷೌರಿಕರನ್ನು ಮರುತ್ತುವರ್ ಅಂತಲೂ ಕರೆಯುತ್ತಾರೆ, ವೈದ್ಯರು ಅಂತ ಅರ್ಥ. ಹುಣ್ಣು ಕೊಯ್ಯುವುದು ಅವರ ಕೆಲಸವಾಗಿತ್ತು, ಹೆರಿಗೆ ನೋಡಿಕೊಳ್ಳುತ್ತಿದ್ದವರು ಅವರ ಹೆಂಗಸರು. ಲಂಡನ್ನಿನಲ್ಲೂ 1540ರಿಂದ 1745ರವರೆಗೆ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘದಲ್ಲಿದ್ದರಂತೆ. ಕತ್ತಿಯ ವಿದ್ಯೆ ಎರಡೂ. ಈಗ ಡಾಕ್ಟರಾಗುವ ಮಕ್ಕಳು ಸೂಜಿ ಚುಚ್ಚಲು, ಹೊಲಿಗೆ ಹಾಕಲು ಎಲ್ಲಿ ಕಲಿಯುತ್ತಾರೆ? ದುಡ್ಡು ಕಟ್ಟಿ ರೂಮು ಹಿಡಿದವನ ಮೈಮೇಲೋ, ಧರ್ಮದ ವಾರ್ಡಿನವನ ಮೈಮೇಲೋ? ಕಲಿಯಬಾರದು ಅಂತ ನಾನು ಹೇಳುವುದಿಲ್ಲ. ಕಲಿಯದಿದ್ದರೆ ನಾಳೆ ನಮಗೆ ಡಾಕ್ಟರಿಲ್ಲ. ಆದರೆ ಕಲಿತ ಕೈ ಆಮೇಲೆ ದುಡ್ಡಿದ್ದವನ ಕಡೆ ಹೋಗುತ್ತದೆ, ಕಲಿಸಿದ ಮೈ ವಾರ್ಡಿನಲ್ಲೇ ಉಳಿಯುತ್ತದೆ. ನನಗೆ ಹಿಡಿಸದಿರುವುದು ಅದು.

ಹಾಡಿನಲ್ಲೂ ಬೇರೆ ಕಥೆಯಿಲ್ಲ. ನಾವು ಮಾದಪ್ಪನ ಕಥೆ ಹಾಡುವವರು. ಮೇಟ್ಟೂರು, ಕೊಳತ್ತೂರು, ಪಾಲಾರ್ ದಾಟಿ ಬೆಟ್ಟಕ್ಕೆ ಮುಡಿ ಕೊಡಲು ಹೋಗುವವರ ಜೊತೆ ಹೋಗಿ ಹಾಡಿದ್ದೇವೆ. ದೊಡ್ಡ ಜಾತ್ರೆಯಲ್ಲಿ ಕಥೆ ಹಿಡಿಯುವವರು ಗುರುಗಳು. ಹೊಸಬನಿಗೆ ಬಿಡುವುದು ಬಡವರ ಮನೆಯ ಸಾವಿನ ರಾತ್ರಿ. ನಾಲ್ಕು ಸಾಲು ಮರೆತರೂ ಹೆಣದ ಮುಂದೆ ಕೂತವರು ಬೈಯುವುದಿಲ್ಲ. ಆ ರಾತ್ರಿಗಳಿಲ್ಲದಿದ್ದರೆ ನನ್ನ ಗಂಟಲು ಹದಕ್ಕೆ ಬರುತ್ತಿರಲಿಲ್ಲ. ಅದಕ್ಕೇ ಈಗಲೂ ಅಂಥ ಮನೆಗೆ ಕರೆದರೆ ಹೊಸಬರನ್ನು ಪಕ್ಕಕ್ಕೆ ಕೂರಿಸಿ ನಾನೇ ಹಾಡುತ್ತೇನೆ, ಜಾತ್ರೆಯಲ್ಲಿ ಎರಡು ಅಧ್ಯಾಯ ಅವರಿಗೆ ಬಿಡುತ್ತೇನೆ. ಜಾತ್ರೆಯ ದೊಡ್ಡಮನುಷ್ಯರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ ಬಿಡಿ.

ಒಬ್ಬ ಗೆಳೆಯ ವಾದ ಮಾಡಿದ: ಒಪ್ಪಿ ಕೂತವನಿಗೆ ಗಾಯವಾದರೆ ಅನ್ಯಾಯ ಎಲ್ಲಿಂದ ಬಂತು, ದುಡ್ಡು ಬೇಡ ಅಂದರೆ ಸಂತೋಷವಾಗಿ ಕೂರುತ್ತಾರಲ್ಲ ಅಂತ. ಕೂರುತ್ತಾರೆ. ಆದರೆ ಬೇಡ ಅನ್ನಲು ಆಗದವನು ಆಗಲಿ ಅಂದರೆ ಅದನ್ನು ಒಪ್ಪಿಗೆ ಅಂತ ಬರೆದುಕೊಳ್ಳಬಹುದಾ? ಮರಗೆಣಸು ಕೊಳ್ಳುವ ದಲ್ಲಾಳಿ ಹೇಳಿದ ರೇಟಿಗೆ ನಾವೂ ಪ್ರತಿ ವರ್ಷ ಆಗಲಿ ಅನ್ನುತ್ತೇವೆ. ಎದ್ದು ಹೋಗಬಲ್ಲವನು ಎದ್ದು ಹೋಗದೆ ಕೂತರೆ ಅದನ್ನು ನಾನು ಕೊಟ್ಟ ಕೆನ್ನೆ ಅನ್ನುತ್ತೇನೆ. ಉಳಿದದ್ದು ಕಸಿದುಕೊಂಡದ್ದು.

ಈಗ ಮಡಚುವ ಹಳೆಯ ಕತ್ತಿ ಹೆಚ್ಚಾಗಿ ಪೆಟ್ಟಿಗೆಯಲ್ಲಿದೆ. 1986ರಲ್ಲಿ ಮದರಾಸಿನಲ್ಲಿ ಎಚ್‌ಐವಿ ಪತ್ತೆಯಾಯಿತು. ಆ ಭಯ ಹಳ್ಳಿಗೂ ಬಂದ ಮೇಲೆ ಸಲೂನಿನವರು ಹೊಸ ಬ್ಲೇಡನ್ನು ಅರ್ಧಕ್ಕೆ ಮುರಿದು ಹಿಡಿಗೆ ಸಿಕ್ಕಿಸುವುದು ರೂಢಿಯಾಯಿತು. ಒಳ್ಳೇದೇ. ಸಾಣೆ ಹೋಯಿತು, ತೊಗಲು ಪಟ್ಟಿ ಹೋಯಿತು, ಓರೆ ಮಾತ್ರ ಈಗಲೂ ಕೈಯಲ್ಲೇ ಕಲಿಯಬೇಕು.

ಪೆನ್ನಾಗರಂನಲ್ಲಿ ನಾನು ಹೋಗುವ ಅಂಗಡಿಯಲ್ಲಿ ಯಾವ ಬೀದಿಯವನು ಅಂತ ಕೇಳುವುದಿಲ್ಲ. ಅಲ್ಲೊಬ್ಬ ಹುಡುಗ ಕಲಿಯುತ್ತಿದ್ದಾನೆ. ಬಂದ ಗಿರಾಕಿಗಳು ಅವನನ್ನು ನೋಡಿ, ಇವನು ಬೇಡ, ನೀವೇ ಮಾಡಿ ಅಂತ ಓನರಿಗೆ ಹೇಳುತ್ತಾರೆ. ನಾನು ಅವನ ಕುರ್ಚಿಗೆ ಹೋಗಿ ಕೂರುತ್ತೇನೆ, ಪೂರ್ತಿ ದುಡ್ಡು ಕೊಡುತ್ತೇನೆ. ನನ್ನ ಮುಖ ಸುಲಭದ್ದಲ್ಲ, ಹಲ್ಲು ಹೋಗಿ ಕೆನ್ನೆ ಒಳಗಿಳಿದಿದೆ, ಗಂಟಲ ಹತ್ತಿರ ಕೂದಲು ಎರಡು ದಿಕ್ಕಿಗೆ ಮಲಗುತ್ತದೆ. ಮೊನ್ನೆ ಅವನ ಕೈ ಅಲ್ಲಿಗೆ ಬಂದು ನಿಂತುಬಿಟ್ಟಿತು. ಓನರನ್ನು ಕರೆಯಲಾ ತಾತ ಅಂತ ತಮಿಳಿನಲ್ಲಿ ಕೇಳಿದ. ಬೇಡ, ಎಡಗೈಯಲ್ಲಿ ಚರ್ಮವನ್ನು ಪಕ್ಕಕ್ಕೆ ಎಳೆದು ಹಿಡಿ ಅಂದೆ.