ಭೂಮಿ ಒಲ್ಲೆ ಎಂದರೆ?

ಗುದ್ದಲಿ ಪೂಜೆಗೆ ಹೋದಲ್ಲೆಲ್ಲ ನನಗೊಂದು ತಕರಾರು ಏಳುತ್ತದೆ. ಭೂಮಿತಾಯಿಯ ಅಪ್ಪಣೆ ಕೇಳುತ್ತೇವೆ, ಸರಿ. ಆಕೆ ಒಲ್ಲೆ ಎಂದರೆ? ಹಿಂದಿನ ವಾರವೇ ಜೆಸಿಬಿ ಬಂದು ಧರೆ ಕಡಿದು ಜಾಗ ಸಪಾಟು ಮಾಡಿ ಹೋಗಿರುತ್ತದೆ. ನಕ್ಷೆ ಪಾಸಾಗಿದೆ, ಸಾಲ ಮಂಜೂರಾಗಿದೆ; ಆಮೇಲೆ ಅರಿಸಿನ ಕುಂಕುಮ. ಇಲ್ಲ ಎನ್ನಲು ಬಿಡದೆ ಪಡೆದದ್ದು ಅಪ್ಪಣೆ ಹೇಗಾದೀತು? ಮಲೆನಾಡಿನ ಇಳಿಜಾರುಗಳಲ್ಲಿ ಮನೆ ಕಟ್ಟಿಸುತ್ತಲೇ ತಲೆ ನರೆತ ಎಂಜಿನಿಯರ್ ನಾನು. ನನಗಿದು ಬರೀ ತರ್ಕದ ಮಾತಲ್ಲ.

ಹಳಬರು ಇದನ್ನು ಯೋಚಿಸಿದ್ದರು. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತುವಿನ ಅಧ್ಯಾಯದಲ್ಲಿ ಮನೆಯ ಜಾಗಕ್ಕೆ ಒಂದು ಪರೀಕ್ಷೆಯಿದೆ. ಮೊಳದಷ್ಟು ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ಜಾಗ ಒಳ್ಳೆಯದು, ಸರಿಹೋದರೆ ಮಧ್ಯಮ, ಸಾಲದಿದ್ದರೆ ಕೆಟ್ಟದ್ದು. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬಂದು ನೋಡುವುದು ಇನ್ನೊಂದು ಪರೀಕ್ಷೆ, ನೀರು ಇಳಿದಿರಬಾರದು. ಇದರಲ್ಲಿ ಗೂಢವೇನೂ ಇಲ್ಲ. ಗಟ್ಟಿ ನೆಲ ಅಗೆದರೆ ಮಣ್ಣು ಅರಳುತ್ತದೆ, ಅದಕ್ಕೇ ಮಿಗುತ್ತದೆ. ಸಡಿಲ ನೆಲದ ಮಣ್ಣು ತುಂಬುವಾಗ ಅಡಕವಾಗಿ ಕಡಿಮೆ ಬೀಳುತ್ತದೆ. ನನ್ನನ್ನು ಸೆಳೆದದ್ದು ಬೇರೆ: ಆ ವಿಧಿಯೊಳಗೆ 'ಬೇಡ' ಎಂಬ ಉತ್ತರಕ್ಕೂ ಎಡೆಯಿತ್ತು. ಈಗ ವಾಸ್ತುವೆಂದರೆ ಅಡುಗೆಮನೆ ಯಾವ ಮೂಲೆಗೆ ಎಂಬಲ್ಲಿಗೆ ಮುಗಿಯಿತು.

ನೆಲದ ಮಾತಿಗೆ ಎಡೆ ಕೊಟ್ಟ ಕಟ್ಟಡಗಳು ನಮ್ಮ ಕಾಲದಲ್ಲೂ ಇವೆ. ತಿರುವನಂತಪುರದ ಉಳ್ಳೂರಿನಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ 1970ರ ದಶಕದಲ್ಲಿ ಕಟ್ಟಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಇದೆ. ಏರುತಗ್ಗಿನ ಜಾಗ. ಗುಡ್ಡ ತಿರುಗಿದಲ್ಲಿ ಕಟ್ಟಡವೂ ತಿರುಗುತ್ತದೆ, ಮರವಿದ್ದಲ್ಲಿ ಗೋಡೆಯೇ ಸರಿದುಕೊಳ್ಳುತ್ತದೆ. ಗಿಲಾವಿಲ್ಲದ ಇಟ್ಟಿಗೆ, ಗಾಳಿಗೆ ಜಾಲಂಧ್ರ. ಬೇಕರ್ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಆ ಪಂಥದ ಮೌನ ಪ್ರಾರ್ಥನೆಗೆ ಪುರೋಹಿತರಿಲ್ಲ. ಎಲ್ಲರೂ ಸುಮ್ಮನೆ ಕೂತು ಕಾಯುತ್ತಾರೆ, ಒಳಗಿನಿಂದ ಮಾತು ಹೊರಟವರು ಎದ್ದು ಆಡುತ್ತಾರೆ. ಸೈಟಿನಲ್ಲೇ ಮೇಸ್ತ್ರಿಗಳ ಜೊತೆ ನಿಂತು ನಕ್ಷೆ ತಿದ್ದುತ್ತಿದ್ದ ಅವರ ಕ್ರಮಕ್ಕೂ ಈ ಕಾಯುವಿಕೆಗೂ ನಂಟಿದೆ ಎಂದು ನನ್ನ ಊಹೆ.

ಹಾಗಾದರೆ ಭೂಮಿ ಮಾತಾಡುತ್ತದೆಯೇ? ಅಂಥ ಭಕ್ತಿ ನನಗಿಲ್ಲ. ಅದರ ಪರವಾಗಿ ಆಡಬಲ್ಲವರು ಮಾತ್ರ ಇದ್ದಾರೆ, ಮುಖ್ಯವಾಗಿ ಕೆಳಗಿನ ಮನೆಯವರು. ಆಷಾಢದ ಮಳೆಗೆ ಒರತೆ ಎಲ್ಲಿ ಏಳುತ್ತದೆಂದು ಅವರಿಗೆ ಗೊತ್ತು. ನಾವು ಧರೆ ಕಡಿದರೆ ಮಣ್ಣು ಇಳಿಯುವುದೂ ಅವರ ತೋಟಕ್ಕೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ವಿಪರೀತ ಮಳೆಯ ಜೊತೆಗೆ, ಮನೆಗೂ ರಸ್ತೆಗೂ ಕಡಿದ ಇಳಿಜಾರುಗಳ ಕಡೆಗೂ ಭೂವಿಜ್ಞಾನಿಗಳು ಬೊಟ್ಟು ಮಾಡಿದರು. ಹಿಂದೆ ನೆರೆಯವರ ಮಾತಿಗೆ ತೂಕವಿತ್ತು. ಅಡಿಕೆ ಸೋಗೆಯ ಸೂರಿದ್ದ ಕಾಲದಲ್ಲಿ ವರ್ಷವರ್ಷವೂ ಹೊದಿಸಲು ಅವರೇ ಮುಯ್ಯಾಳುಗಳಾಗಿ, ಕೆಲಸಕ್ಕೆ ಕೆಲಸ ಎಂದು, ಬರಬೇಕಿತ್ತು. ಹಾಗಾಗಿ ಅವರ ಮಾತು ಮೀರಿ ಮನೆ ಕಟ್ಟುವುದು ಸುಲಭವಿರಲಿಲ್ಲ. (ಆ ಕಾಲವನ್ನು ಹೊಗಳುತ್ತಿಲ್ಲ. ಆ ಮುಯ್ಯಿ ಜಾತಿಜಾತಿಗಳ ನಡುವೆ ಸಮವಾಗಿರಲಿಲ್ಲ, ಸೋಗೆಗೆ ಬೆಂಕಿಯ ಭಯವೂ ಇತ್ತು.)

ಈಗ ಯಾರಾದರೂ ಮನೆ ಕಟ್ಟಬೇಕೆಂದು ಬಂದರೆ, ಭಟ್ಟರನ್ನು ಕರೆಯುವ ಮೊದಲು ಕೆಳಗಿನ ಮನೆಯವರನ್ನು ಮಳೆಗಾಲದಲ್ಲೊಮ್ಮೆ ಜಾಗಕ್ಕೆ ಕರೆತನ್ನಿ ಎನ್ನುತ್ತೇನೆ. ನಗುವವರೇ ಹೆಚ್ಚು. ಕರೆತಂದ ಒಬ್ಬ ಹುಡುಗನ ಜಾಗದಲ್ಲಿ ಕೆಳಮನೆಯ ಅಜ್ಜಿ, "ಇಲ್ಲಿ ಅಗೀಬೇಡಿ ತಮ್ಮಾ, ಮಳೆಗಾಲ್ದಾಗೆ ನೀರು ಹುಟ್ತದೆ" ಎಂದು ಕೋಲೂರಿ ತೋರಿಸಿದರು. ಸರಿಯಾಗಿ ಹಾಲ್ ಬರಬೇಕಿದ್ದ ಜಾಗ. ಮನೆಯನ್ನು ಎರಡು ಮಟ್ಟಕ್ಕೆ ಒಡೆದೆವು, ನಡುವೆ ಮೆಟ್ಟಿಲು ಬಂತು. ಹುಡುಗನ ತಾಯಿಗೆ ಮಂಡಿನೋವು. "ನೀರಿನ ಮೇಲೆ ಇಟ್ಟ ಕನಿಕರವನ್ನು ನನ್ನ ಕಾಲಿನ ಮೇಲೂ ಇಡಬಹುದಿತ್ತಲ್ಲ ಸರ್" ಎಂದರು. ನ್ಯಾಯವಾದ ಮಾತೇ. ಅವರ ಕೋಣೆಯನ್ನು ಅಡುಗೆಮನೆಯ ಮಟ್ಟಕ್ಕೆ ತಂದು, ಮಗನನ್ನು ಮೇಲಕ್ಕೆ ಕಳಿಸಿದೆವು.