ವಿದ್ಯಾದಾನವೂ ದಾನಿಯ ಲಜ್ಜೆಯೂ

ದಾನಗಳಲ್ಲಿ ವಿದ್ಯಾದಾನವು ಶ್ರೇಷ್ಠವೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿರುವರು. ಅನ್ನದಿಂದಾಗುವ ತೃಪ್ತಿ ಒಂದು ಹೊತ್ತಿನದು, ವಿದ್ಯೆಯಿಂದಾಗುವುದು ಬಾಳಿನುದ್ದಕ್ಕೂ ನಿಲ್ಲುವಂಥದು ಎಂಬುದು ಅವರು ಕೊಡುವ ಕಾರಣ. ಆದರೆ ಯಾವ ದಾನವು ಹೆಚ್ಚು ಕಾಲ ನಿಲ್ಲುವುದೋ ಅದರ ದೋಷವೂ ಹೆಚ್ಚು ಕಾಲ ನಿಲ್ಲುವುದಷ್ಟೆ. ಹಳಸಿದ ಅನ್ನವನ್ನಿಕ್ಕಿದವನ ತಪ್ಪು ಎರಡು ದಿನಗಳಲ್ಲಿ ತೀರಬಹುದು. ತಪ್ಪಾಗಿ ಕಲಿಸಿದವನ ತಪ್ಪು ಒಂದು ತಲೆಮಾರಿಗೂ ತೀರದು. ಈ ವಿಚಾರವು ನನ್ನ ಮನಸ್ಸಿಗೆ ಬಂದದ್ದು ಈಚೆಗೆ, ಮಿತ್ರರೊಬ್ಬರ ಮನೆಯಲ್ಲಿ.

ಅವರ ಮಗನೂ ಸೊಸೆಯೂ ಆರು ತಿಂಗಳ ಕಾಲ ಪರದೇಶದ ಹಳ್ಳಿಯೊಂದರಲ್ಲಿ ಸಂಬಳವಿಲ್ಲದೆ ಪಾಠ ಹೇಳುತ್ತ, ಬಿಡುವಿನಲ್ಲಿ ಆ ನಾಡನ್ನು ಸುತ್ತಿ ನೋಡಿಬರಬೇಕೆಂದು ನಿಶ್ಚಯಿಸಿರುವರು. ಮಿತ್ರರಿಗೆ ಇದು ಸಮ್ಮತವಲ್ಲ. “ನಮ್ಮೂರ ಶಾಲೆಯಲ್ಲಿ ನಾಲ್ಕು ತರಗತಿಗಳಿಗೆ ಒಬ್ಬರೇ ಉಪಾಧ್ಯಾಯರು. ಮನೆಯ ದೀಪಕ್ಕೆ ಎಣ್ಣೆಯಿಲ್ಲದಿರುವಾಗ ಊರಾಚೆಯ ಗುಡಿಗೆ ನಂದಾದೀಪವೇ?” ಎಂದು ಅವರು ಕೇಳಿದರು. ಮಗನು, “ಅಪ್ಪಾ, ಕಲಿಯುವ ಮಗು ಎಲ್ಲಿದ್ದರೂ ಮಗುವೇ ಅಲ್ಲವೆ?” ಎಂದನು. ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ನನ್ನ ಅಳುಕೇ ಬೇರೆ. ಅವರ ಮಾತು ನಮಗೆ ಬಾರದು, ಅವರ ಬಾಳು ನಮಗೆ ತಿಳಿಯದು. ನಾವು ಅವರಿಗೆ ಏನನ್ನು ಕಲಿಸಬಲ್ಲೆವು?” ಎಂದಳು. ತಂದೆ ಮಗನ ವಾದಕ್ಕಿಂತ ಈ ಪ್ರಶ್ನೆಯೇ ವಿಷಯದ ಮೂಲವನ್ನು ಮುಟ್ಟಿತೆಂದು ನನಗೆ ತೋರಿತು.

ಸಂಬಳ ಪಡೆಯುವ ಉಪಾಧ್ಯಾಯನನ್ನು ಕೇಳುವವರುಂಟು. ಧರ್ಮಾರ್ಥವಾಗಿ ಕಲಿಸಲು ಬಂದವನನ್ನು ಕೇಳುವವರಾರು? ದಾನವಾಗಿ ಬಂದ ಎಮ್ಮೆಯ ಹಲ್ಲು ಎಣಿಸಬಾರದೆಂಬ ದಾಕ್ಷಿಣ್ಯವು ಪಡೆಯುವವರ ಬಾಯನ್ನು ಕಟ್ಟುತ್ತದೆ. ಕೊಡುವವನಿಗಾದರೋ, ತಾನು ಹಣ ಮುಟ್ಟಲಿಲ್ಲವೆಂಬ ತೃಪ್ತಿಯೇ ತನ್ನ ತಪ್ಪುಗಳಿಗೆ ಹೊದಿಕೆಯಾಗುತ್ತದೆ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಗುರುವು ದಾನದ ವಿಷಯವನ್ನು ಹೇಳುವಾಗ, ಶ್ರದ್ಧೆಯ ಜೊತೆಗೆ ಲಜ್ಜೆಯನ್ನೂ ಭಯವನ್ನೂ ಹೇಳಿರುವುದು ಗಮನಾರ್ಹವಾಗಿದೆ. ಕೈಚಾಚುವವನಿಗೆ ನಾಚಿಕೆಯಾಗುವುದು ಸಹಜ. ಕೊಡುವವನು ಏಕೆ ನಾಚಬೇಕು? ತನ್ನ ಕೊಡುಗೆಯು ಸಾಲದೇನೋ, ಸಲ್ಲದೇನೋ ಎಂಬ ಶಂಕೆಯು ಅವನನ್ನು ಬಿಡಬಾರದು, ಅದಕ್ಕಾಗಿ.

ಈ ಸಂದರ್ಭದಲ್ಲಿ ನನಗೆ ನೆನಪಾಗುವವರು ಜೇಮ್ಸ್ ಕಸಿನ್ಸ್ ಮತ್ತು ಮಾರ್ಗರೆಟ್ ಕಸಿನ್ಸ್ ದಂಪತಿಗಳು. ಐರ್ಲೆಂಡಿನವರಾದ ಇವರು 1903ರಲ್ಲಿ ವಿವಾಹವಾಗಿ, 1915ರಲ್ಲಿ ಭಾರತಕ್ಕೆ ಬಂದರು. ಬಳಿಕ ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜಿನಲ್ಲಿ ಅಧ್ಯಾಪನಕ್ಕೆ ನಿಂತರು. 1919–20ರಲ್ಲಿ ಪತಿಯು ಜಪಾನಿನ ಕೆಯೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರೆ, ಪತ್ನಿಯು ನಮ್ಮ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿದ್ದರು. ಅವರು ಸಂಬಳವಿಲ್ಲದೆ ದುಡಿದರೆಂದು ನಾನು ಹೇಳುತ್ತಿಲ್ಲ. ಯಾರ ಬಲವಂತವೂ ಇಲ್ಲದೆ ಬಂದು, ಬಂದ ನಾಡನ್ನು ತಮ್ಮದಾಗಿ ಮಾಡಿಕೊಂಡರೆಂಬುದೇ ಇಲ್ಲಿ ಪ್ರಸ್ತುತವಾದದ್ದು.

1924ರಲ್ಲಿ, ಇಪ್ಪತ್ತು ತುಂಬದ ತರುಣರೊಬ್ಬರು ತಮ್ಮ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಮೈಸೂರಿನಲ್ಲಿ ಜೇಮ್ಸ್ ಕಸಿನ್ಸರನ್ನು ಕಂಡರು. ಇಂಗ್ಲಿಷಿನಲ್ಲಿ ಒಂದು ಸಣ್ಣ ಕವನಸಂಗ್ರಹವನ್ನು ಆಗಲೇ 1922ರಲ್ಲಿ ಅಚ್ಚುಮಾಡಿಸಿದ್ದ ಅವರು ಹೊಗಳಿಕೆಯನ್ನು ನಿರೀಕ್ಷಿಸಿದ್ದುದು ಸಹಜವೇ. ಕಸಿನ್ಸರು, ನಿಮ್ಮ ಭಾಷೆಯಲ್ಲಿ ಏನನ್ನಾದರೂ ಬರೆದಿರುವಿರಾ ಎಂದು ವಿಚಾರಿಸಿ, ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದರು. ತರುಣರಿಗೆ ಆ ಕ್ಷಣದಲ್ಲಿ ಅಸಮಾಧಾನವೇ ಆಯಿತು. ಅವರೇ ಮುಂದೆ ಕುವೆಂಪು ಎಂದು ನಾಡಿಗೆಲ್ಲ ಪರಿಚಿತರಾದ ಕೆ. ವಿ. ಪುಟ್ಟಪ್ಪನವರು. ಆ ಮಾತಿನ ಫಲವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯ ಸೋಜಿಗವನ್ನು ನೋಡಬೇಕು. ಇಂಗ್ಲಿಷ್ ಕಾವ್ಯವನ್ನು ಬೋಧಿಸುವುದೇ ಕಸಿನ್ಸರ ಕಸುಬು. ಕನ್ನಡವು ಅವರ ಭಾಷೆಯಲ್ಲ. ತನ್ನನ್ನು ಅನುಕರಿಸುವ ಶಿಷ್ಯನನ್ನು ಕಂಡು ಹಿಗ್ಗದ ಗುರು ವಿರಳ. ಐರ್ಲೆಂಡಿನ ಸ್ವಂತ ನುಡಿಯು ಬಹುಮಟ್ಟಿಗೆ ಇಂಗ್ಲಿಷಿಗೆ ಎಡೆಗೊಟ್ಟು ಹಿಂದೆ ಸರಿದಿತ್ತು. ಕಸಿನ್ಸರು ತಾವೂ ಇಂಗ್ಲಿಷಿನಲ್ಲಿಯೇ ಕವಿತೆ ಬರೆದವರು. ಕಳೆದುಕೊಂಡವರ ಮಗನಿಗೆ ಉಳಿಸಿಕೊಳ್ಳಬೇಕಾದುದರ ಬೆಲೆ ತಿಳಿದಿತ್ತೆಂದು ಊಹಿಸಿದರೆ ತಪ್ಪಾಗಲಾರದು.

ಹಾಗಾದರೆ ಹೊರಗಿನವನು ತನ್ನದೇನನ್ನೂ ಕೊಡಬಾರದೇ? ಹಾಗಲ್ಲ. 1919ರಲ್ಲಿ ರವೀಂದ್ರನಾಥ ಠಾಕೂರರು ಮದನಪಲ್ಲಿಗೆ ಬಂದು ‘ಜನಗಣಮನ’ವನ್ನು ಹಾಡಿದಾಗ, ಪಾಶ್ಚಾತ್ಯ ಸಂಗೀತದಲ್ಲಿ ಪದವಿ ಪಡೆದಿದ್ದ ಮಾರ್ಗರೆಟ್ ಕಸಿನ್ಸರು ಅದನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು. ಹಾಡು ಈ ನಾಡಿನದು, ಲಿಪಿ ಆ ನಾಡಿನದು. ತನ್ನ ವಿದ್ಯೆಯನ್ನು ಅವರು ಮುಚ್ಚಿಡಲಿಲ್ಲ. ಅದನ್ನು ಇನ್ನೊಬ್ಬರ ಹಾಡಿನ ಸೇವೆಗೆ ಇಟ್ಟರು. ಪರದೇಶದ ಉಪಾಧ್ಯಾಯನಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾನು ಕಾಣೆ: ತಾನು ಬಂದುದರಿಂದ ಶಿಷ್ಯನು ತನ್ನಂತಾದನೋ, ಅಥವಾ ಹೆಚ್ಚಾಗಿ ತಾನೇ ಆದನೋ?

ಇನ್ನು ಮಿತ್ರರ ಆಕ್ಷೇಪಣೆ. ಮನೆಯಲ್ಲಿ ಕೊರತೆಯಿರುವಾಗ ಹೊರಗೆ ಹೋಗುವುದು ತಪ್ಪೆಂಬುದೇ ನಿಯಮವಾದರೆ ಕಸಿನ್ಸ್ ದಂಪತಿಗಳೂ ಬರುವಂತಿರಲಿಲ್ಲ; ಐರ್ಲೆಂಡಿನಲ್ಲಿ ಕೆಲಸಕ್ಕೇನೂ ಕೊರತೆಯಿರಲಿಲ್ಲ. ಮಾರ್ಗರೆಟ್ಟರು ಅಲ್ಲಿ ಸ್ತ್ರೀಯರ ಮತಾಧಿಕಾರಕ್ಕಾಗಿ ಹೋರಾಡಿ ಸೆರೆಮನೆಯನ್ನು ಕಂಡವರು. ಇಲ್ಲಿಗೆ ಬಂದ ಮೇಲೆ 1927ರಲ್ಲಿ, ಹೆಣ್ಣುಮಕ್ಕಳ ವಿದ್ಯಾಭ್ಯಾಸದ ವಿಚಾರಕ್ಕಾಗಿ ಅಖಿಲ ಭಾರತ ಮಹಿಳಾ ಸಮ್ಮೇಳನವು ಕೂಡಲು ಅವರೇ ಮುಖ್ಯ ಪ್ರೇರಕರಾದರು; 1932ರಲ್ಲಿ ನಮ್ಮ ಸ್ವಾತಂತ್ರ್ಯದ ಪಕ್ಷವನ್ನು ಹಿಡಿದು ಮತ್ತೆ ಸೆರೆಗೆ ಹೋದರು. ಅಲ್ಲಿ ಹೊತ್ತಿದ ಉರಿಯೇ ಇಲ್ಲಿ ಬೆಳಗಿತು. ಮನೆಯಲ್ಲಿಯೂ ಅದೇ ಕೆಲಸಕ್ಕೆ ಮೈಬಗ್ಗಿಸಿದವರು ಹೊರಗೆ ಹೋದರೆ ಅದು ಕರ್ತವ್ಯದ ವಿಸ್ತಾರ. ಮನೆಯ ಶಾಲೆಯ ಬಾಗಿಲನ್ನೂ ತುಳಿಯದೆ ಹಡಗು ವಿಮಾನಗಳನ್ನೇರಿದರೆ ಅದು ಪ್ರವಾಸಕ್ಕೆ ಪುಣ್ಯದ ಹೆಸರು.

ಆದರೂ ಒಂದು ತೊಡಕು ಉಳಿಯುತ್ತದೆ. ಆ ದಂಪತಿಗಳು ಇಲ್ಲಿಯೇ ಬಾಳಿ, ಮಾರ್ಗರೆಟ್ಟರು 1954ರಲ್ಲಿ, ಜೇಮ್ಸರು 1956ರಲ್ಲಿ ಈ ಮಣ್ಣಿನಲ್ಲಿಯೇ ತೀರಿಕೊಂಡರು. ನಮ್ಮ ತರುಣರು ಹೋಗುವುದು ಆರು ತಿಂಗಳಿಗೆ. ಮಕ್ಕಳು ಹೆಸರು ಹಿಡಿದು ಕರೆಯುವಷ್ಟು ಸಲಿಗೆ ಬೆಳೆಯುವ ವೇಳೆಗೆ ಹಿಂದಿರುಗುವ ದಿನ ಬಂದಿರುತ್ತದೆ. ಎಲ್ಲರೂ ಜೀವಮಾನವನ್ನು ಕೊಡಲಾರರು, ನಿಜ. ಆದರೆ ಇರುವ ಕಾಲವು ಕಿರಿದಾದಷ್ಟೂ ಹಮ್ಮೂ ಕಿರಿದಾಗಬೇಕು. ಆ ಊರಿನ ಉಪಾಧ್ಯಾಯನ ಪೀಠದಲ್ಲಿ ತಾವು ಕುಳಿತುಕೊಳ್ಳದೆ ಅವನ ಪಕ್ಕದಲ್ಲಿ ನಿಂತು, ಅವನು ಬೇಡಿದ ನೆರವನ್ನು ಮಾತ್ರ ಕೊಟ್ಟರೆ, ಇವರು ಹೊರಟ ಮರುದಿನವೂ ಪಾಠವು ನಡೆದೀತು.

ಇದನ್ನೆಲ್ಲ ನಾನು ಆ ಮನೆಯಲ್ಲಿ ಇಷ್ಟು ಉದ್ದಕ್ಕೆ ಹೇಳಲಿಲ್ಲ. ಸೊಸೆಯ ಕಡೆಗೆ ತಿರುಗಿ, “ತಾಯಿ, ನಿನಗಿರುವ ಅಳುಕನ್ನು ಹೋಗುವಾಗ ಬಿಟ್ಟು ಹೋಗಬೇಡ” ಎಂದೆನಷ್ಟೆ. ಮಿತ್ರರು ಮಗನಿಗೆ, ಹೊರಡಲು ಇನ್ನೂ ಎರಡು ತಿಂಗಳಿವೆ, ಅಷ್ಟರಲ್ಲಿ ನಮ್ಮೂರ ಶಾಲೆಗೆ ಹೋಗಿ ಬಾ ಎಂದರು. ಮರುವಾರ ಗಂಡಹೆಂಡಿರಿಬ್ಬರೂ ಅಲ್ಲಿಗೆ ಹೋದರೆಂದು ಕೇಳಿದೆ.