ಅಮ್ಮನ ಕಷ್ಟ ಯಾರ ಆಸ್ತಿ?

ಮೊನ್ನೆ ಭಾನುವಾರ ನ್ಯೂಜೆರ್ಸಿಯಿಂದ ಅಕ್ಕನ ಮಗಳ ವಾಟ್ಸಾಪ್ ಬಂತು. "ಮಾಮ, ಒಂದು ಎಸ್ಸೇ ಕಳ್ಸಿದೀನಿ. ಓದಿ ಹೇಳು. ಆದ್ರೆ ಅಮ್ಮಂಗೆ ಹೇಳ್ಬೇಡ." ಓದೋ ಮೊದಲೇ ಆ ಕೊನೆಯ ವಾಕ್ಯ ಯಾಕೋ ಚುಚ್ಚಿತು.

ಪಿಎಚ್‌ಡಿ ಮಾಡೋ ಆಸೆ ಅವಳಿಗೆ. ಅದಕ್ಕೆ ಪಾಲ್ ಅಂಡ್ ಡೈಸಿ ಸೊರೊಸ್ ಫೆಲೋಶಿಪ್‌ಗೆ ಅರ್ಜಿ ಹಾಕ್ತಿದ್ದಾಳೆ. ಹಂಗೇರಿಯಿಂದ ಅಮೆರಿಕಕ್ಕೆ ವಲಸೆ ಬಂದ ದಂಪತಿ 1997ರಲ್ಲಿ ಶುರು ಮಾಡಿದ್ದು. ವಲಸೆ ಬಂದವರಿಗೆ, ವಲಸಿಗರ ಮಕ್ಕಳಿಗೆ ಅಂತಲೇ ಇರೋದು. ವರ್ಷಕ್ಕೆ ಆರಿಸೋದು 30 ಜನರನ್ನ, ಒಬ್ಬೊಬ್ಬರಿಗೆ ಎರಡು ವರ್ಷಕ್ಕೆ 90,000 ಡಾಲರ್‌ವರೆಗೆ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ, ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಕೂಡ ಇದರ ಹಳೇ ಫೆಲೋ. ಅರ್ಜಿಯ ಜೊತೆ ಎರಡು ಪ್ರಬಂಧ ಬರೀಬೇಕು. ಅದರಲ್ಲೊಂದು, ವಲಸೆಯ ಅನುಭವ ನಿಮ್ಮನ್ನು ಹೇಗೆ ರೂಪಿಸಿತು ಅನ್ನೋದು.

ನಮ್ಮ ಹುಡುಗಿ ಬರೆದಿದ್ದು ಪೂರ್ತಿ ಅವಳ ಅಮ್ಮನ ಬಗ್ಗೆ. ಮೈಸೂರಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದ ನಮ್ಮಕ್ಕ 2001ರಲ್ಲಿ ಭಾವನ ಹಿಂದೆ ಎಚ್-4 ವೀಸಾದಲ್ಲಿ ಹೋದಳು. ಆ ವೀಸಾದಲ್ಲಿ ಕೆಲಸ ಮಾಡೋ ಹಾಗಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯ್ತಿರೋ ಕುಟುಂಬಗಳ ಎಚ್-4 ಸಂಗಾತಿಗಳಿಗೆ ಕೆಲಸದ ಪರವಾನಗಿ ಕೊಡೋ ನಿಯಮ ಬಂದಿದ್ದು 2015ರ ಮೇನಲ್ಲಿ. ಅಂದರೆ ಸರಿಯಾಗಿ ಹದಿನಾಲ್ಕು ವರ್ಷ! ಮಗಳು ಬರೆದಿದ್ದಳು: ನನ್ನಮ್ಮ ತನ್ನ ಕನಸನ್ನು ಅಡುಗೆಮನೆಯಲ್ಲಿ ಹೂತಳು, ಆ ಮಣ್ಣಿನಲ್ಲಿ ಬೆಳೆದ ಗಿಡ ನಾನು.

ಓದಿ ಕಣ್ಣು ತುಂಬಿ ಬಂತು. ಆಮೇಲೆ ಇರುಸುಮುರುಸು. ಫೋನ್ ಮಾಡಿ ಕೇಳಿದೆ, "ಅಮ್ಮಂಗೆ ಯಾಕೆ ತೋರಿಸ್ಲಿಲ್ಲ ಪುಟ್ಟಿ?"

"ಅಳ್ತಾಳೆ ಮಾಮ."

"ಅವಳು ಅಳೋ ವಿಷ್ಯಾನ ಗುರುತಿಲ್ಲದ ಜನಕ್ಕೆ ತೋರಿಸ್ಬಹುದು, ಅವಳಿಗೆ ತೋರಿಸಬಾರದಾ?"

ಎರಡು ದಿನ ಬಿಟ್ಟು ತೋರಿಸಿದಳಂತೆ. ಅಕ್ಕ ಅಳಲಿಲ್ಲ. ನನಗೆ ಫೋನ್ ಮಾಡಿ ಅಂದಿದ್ದು ಇಷ್ಟು: "ಒಂದಕ್ಷರ ಸುಳ್ಳಿಲ್ಲ ಕಣೋ. ಆದ್ರೆ ನಾನು ಅಷ್ಟೊಂದು ಪಾಪದವಳಾಗಿದ್ನಾ? ವನವಾಸ ಅಂದ್ರೂ ಬರೀ ಅತ್ಕೊಂಡೇ ಕೂತಿರ್ತಾರಾ? ಡ್ರೈವಿಂಗ್ ಕಲಿತೆ, ಲೈಬ್ರರೀಲಿ ಸಿಕ್ಕಿದ್ದೆಲ್ಲ ಓದಿದೆ, ಅಪಾರ್ಟ್‌ಮೆಂಟಿನ ಅರ್ಧ ಮಕ್ಕಳಿಗೆ ಪುಕ್ಕಟೆ ಮ್ಯಾಥ್ಸ್ ಹೇಳ್ಕೊಟ್ಟೆ. ಅದ್ಯಾವುದೂ ಇಲ್ವಲ್ಲ."

ಅಪ್ಪ ಅಮ್ಮನ ಕಷ್ಟದ ಕಥೆ ಮಕ್ಕಳದ್ದಾಗುತ್ತಾ?

ಆಗುತ್ತೆ ಅನ್ನೋಕೆ ಕಾರಣ ಇದೆ. ಆ ಮನೆಯ ಮೌನದಲ್ಲೇ ಅವಳು ಬೆಳೆದಿದ್ದು. ಅದನ್ನು ಬಿಟ್ಟು ತನ್ನ ಮಾರ್ಕ್ಸು, ಸಂಶೋಧನೆ ಎಲ್ಲ ಸ್ವಂತ ಸಾಧನೆ ಅಂತ ಬರೆದಿದ್ದರೆ ಅದು ಇನ್ನೂ ದೊಡ್ಡ ಸುಳ್ಳು. ಕೇಳಿದ್ದೂ ಅವರೇ ತಾನೇ? ಕೇಳಿದ್ದಕ್ಕೆ ಉತ್ತರ ಕೊಟ್ಟರೆ ತಪ್ಪೇನು?

ಆದರೆ ಬಹುಮಾನ ಇರೋ ಕಡೆ ಕಥೆಗೆ ಒಂದು ಆಕಾರ ತಾನಾಗೇ ಬಂದುಬಿಡುತ್ತೆ. ಅಮ್ಮ ಎಷ್ಟು ಕುಗ್ಗಿದರೆ ಮಗಳು ಅಷ್ಟು ಎತ್ತರ ಕಾಣ್ತಾಳೆ. ನಕ್ಕ ದಿನಗಳು ಒಂದೊಂದಾಗಿ ಉದುರಿಹೋಗುತ್ತವೆ. ಪ್ರತಿ ವಾಕ್ಯವೂ ನಿಜ, ಒಟ್ಟು ಚಿತ್ರ ಮಾತ್ರ ಸುಳ್ಳು. ಇದೇನು ಅಮೆರಿಕದ ಮಕ್ಕಳ ರೋಗ ಅಂತ ನಗಬೇಡಿ. ಪ್ರಮೋಷನ್ ಸಿಕ್ಕ ದಿನ ಅಪ್ಪನ ಹರಿದ ಚಪ್ಪಲಿ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ಬರೆಯೋರು ನಾವೇ. ಆ ಪೋಸ್ಟನ್ನ ಅಪ್ಪನಿಗೆ ಓದಿ ಹೇಳಿದವರು ಎಷ್ಟು ಜನ?

ನಿಜ ಇದ್ದ ಮಾತ್ರಕ್ಕೆ ಎಲ್ಲರ ಕಥೆಗೂ ಬೆಲೆ ಸಿಗಲ್ಲ ಅನ್ನೋದು ಬೇರೆ ಮಾತು. ಅವಳ ಗೆಳತಿಯೊಬ್ಬಳು ನಾಲ್ಕನೇ ವಯಸ್ಸಿಗೆ ಅಲ್ಲಿಗೆ ಬಂದವಳು. 21 ತುಂಬಿದಾಗ ಎಚ್-4 ಮುಗಿದು ಸ್ಟೂಡೆಂಟ್ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕಾಯ್ತು. ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನ ಗ್ರಾಜುಯೇಟ್ ಫೆಲೋಶಿಪ್ ಇರೋದು ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ. ನಮ್ಮ ಹುಡುಗಿ ಹುಟ್ಟಿದ್ದು ಅಲ್ಲೇ, ಹಾಗಾಗಿ ಅರ್ಹಳು. ಅದೇ ಊಟ, ಅದೇ ಶಾಲೆ, ಅದೇ ಕನ್ನಡ ಕೂಟದ ಯುಗಾದಿ. ವ್ಯತ್ಯಾಸ ಒಂದು ಬರ್ತ್ ಸರ್ಟಿಫಿಕೇಟು. ಈ ಅದೃಷ್ಟದ ಬಗ್ಗೆ ಪ್ರಬಂಧದಲ್ಲಿ ಒಂದು ಸಾಲೂ ಇರಲಿಲ್ಲ. ಅದೃಷ್ಟಕ್ಕಿಂತ ತ್ಯಾಗ ಓದೋಕೆ ಚೆನ್ನಾಗಿರುತ್ತೆ.

ನನಗನ್ನಿಸೋದು ಇಷ್ಟು. ಹೆತ್ತವರ ಕಷ್ಟ ನಮಗೆ ಬರೋದು ಋಣವಾಗಿ, ಆಸ್ತಿಯಾಗಿ ಅಲ್ಲ. ಋಣ ಇದೆ ಅಂತ ನಾಲ್ಕು ಜನರ ಮುಂದೆ ಹೇಳಬಹುದು, ಹೇಳಲೂಬೇಕು. ಆದರೆ ಅದನ್ನು ಅಡ ಇಟ್ಟು ಸಾಲ ಎತ್ತೋಕಾಗಲ್ಲ. ಹಾಗಂತ ಪ್ರತಿಯೊಂದಕ್ಕೂ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತಲೂ ಅಲ್ಲ. ಮಕ್ಕಳನ್ನ ನೋಯಿಸಿದ ಹೆತ್ತವರೂ ಇರ್ತಾರೆ, ಅವರ ಒಪ್ಪಿಗೆಗೆ ಕಾದರೆ ಕೆಲವು ಸತ್ಯ ಹೊರಗೇ ಬರಲ್ಲ. ಕೇಳಿಕೊಳ್ಳಬೇಕಾದ್ದು ಬೇರೆ: ನಾನು ಬರೆದ ಈ ಪುಟದಲ್ಲಿ ಅವರು ಇನ್ನೂ ಪೂರ್ತಿ ಮನುಷ್ಯರಾಗಿ ಉಳಿದಿದ್ದಾರಾ, ಅಥವಾ ನನ್ನ ಮೆಟ್ಟಿಲಾಗಿದ್ದಾರಾ?

ಹುಡುಗಿ ಮತ್ತೆ ಬರೆದಿದ್ದಾಳೆ. ಈ ಸಲ ಶುರುವಾಗೋದು ಮೂರನೇ ಕ್ಲಾಸಿನ ಒಂದು ದಿನದಿಂದ. ಅಮ್ಮನ ಕೆಲಸ ಏನು ಅಂತ ಟೀಚರ್ ಕೇಳಿದಾಗ ನಾಚಿಕೆಯಾಗಿ, "ಸೈಂಟಿಸ್ಟ್" ಅಂತ ಸುಳ್ಳು ಹೇಳಿದ್ದಳಂತೆ. ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ಆ ನಾಚಿಕೆ ಅವಳದ್ದೇ, ಅದನ್ನ ಹೇಳೋ ಹಕ್ಕೂ ಅವಳದ್ದೇ. ಪುಕ್ಕಟೆ ಮ್ಯಾಥ್ಸ್ ಟ್ಯೂಷನ್ನೂ ಬಂದಿದೆ, ಗೆಳತಿಯ ವೀಸಾ ಕೂಡ.

ಮೊದಲಿನಷ್ಟು ಕಣ್ಣೀರು ಬರಿಸಲ್ಲ. ಆಯ್ಕೆ ಆಗುತ್ತಾಳೋ ಇಲ್ಲವೋ, ಮೂವತ್ತೇ ಜನ ಅಲ್ಲವಾ. ಅಕ್ಕ ಓದಿ ಒಂದೇ ಒಂದು ತಿದ್ದುಪಡಿ ಹೇಳಿದಳಂತೆ: "ಅರ್ಧ ಮಕ್ಕಳು ಅಂತ ಬರೀಬೇಡ, ಹನ್ನೊಂದು ಜನ. ಹೆಸರು ಬೇಕಾದ್ರೂ ಹೇಳ್ತೀನಿ."